ನಿಮ್ಮ ಮಗಳು ಎಷ್ಟನೆಯವಳೂ ಅಲ್ಲ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಇನ್ನೊಮ್ಮೆ ಓದಿದಾಗ ನಗು ಬರಲಿಲ್ಲ. ಮಗಳಿಗೆ ಅಮೆರಿಕದ ಪುಟ್ಟದೊಂದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಈ ಸಲ ಸೇರುತ್ತಿರುವ ಮಕ್ಕಳ ಬಗ್ಗೆ ಕಾಲೇಜಿನವರು ಒಂದು ಪುಟ ಕಳಿಸಿದ್ದಾರೆ. ಒಟ್ಟು 430 ಮಕ್ಕಳು, ಇಷ್ಟು ರಾಜ್ಯ, ಇಷ್ಟು ದೇಶ, ಜೇನು ಸಾಕುವವನೊಬ್ಬ, ಬಸೂನ್ ಅನ್ನುವ ಉದ್ದನೆಯ ವಾದ್ಯ ಊದುವವಳೊಬ್ಬಳು. ನೀವು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದೀರಿ: "ಇದರಲ್ಲಿ ರ‍್ಯಾಂಕ್ ಎಲ್ಲಿದೆ ಸ್ವಾಮಿ? ಕಟ್ ಆಫ್ ಎಲ್ಲಿದೆ? ನನ್ನ ಮಗಳು 430ರಲ್ಲಿ ಎಷ್ಟನೆಯವಳು? ಜೇನು ಸಾಕುವವನನ್ನು ಕಟ್ಟಿಕೊಂಡು ನನಗೇನಾಗಬೇಕು?"

ಸಣ್ಣ ಅನುಮಾನ ಮೊದಲು ಮುಗಿಸುತ್ತೇನೆ. 2026ರಲ್ಲಿ ಸೇರುವವಳ ಕಾಗದದ ಮೇಲೆ 'ಕ್ಲಾಸ್ ಆಫ್ 2030' ಅಂತ ಇರುವುದು ಅಚ್ಚಿನ ತಪ್ಪಲ್ಲ. ಅಲ್ಲಿ ಬ್ಯಾಚಿಗೆ ಹೆಸರಿಡುವುದು ಸೇರಿದ ವರ್ಷದಿಂದಲ್ಲ, ಪದವಿ ಮುಗಿಸುವ ವರ್ಷದಿಂದ. ಇನ್ನೊಂದು, ಲಿಬರಲ್ ಆರ್ಟ್ಸ್ ಅಂದರೆ ನಮ್ಮ 'ಆರ್ಟ್ಸ್ ತಗೊಂಡಳು' ಅಲ್ಲ. ಅಲ್ಲಿ ಭೌತಶಾಸ್ತ್ರವೂ ಇದೆ, ಗಣಿತವೂ ಇದೆ, ಕಂಪ್ಯೂಟರ್ ಸೈನ್ಸೂ ಇದೆ. ನೆಂಟರಿಗೆ ಧೈರ್ಯವಾಗಿ ಹೇಳಿ.

ಈಗ 'ಎಷ್ಟನೆಯವಳು' ಅನ್ನುವ ಪ್ರಶ್ನೆ. ನಮಗೆ ಈ ಪದ ಹಾಲು ಕುಡಿದಷ್ಟು ಸಲೀಸು. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಒಂದು ಪದವೇ ಇಲ್ಲ, ನಾಲ್ಕು ಪದ ಸೇರಿಸಿ ಒದ್ದಾಡಬೇಕು. ಆ ಕಾಲೇಜುಗಳಲ್ಲೂ ಈ ಪ್ರಶ್ನೆಗೆ ಉತ್ತರವಿಲ್ಲ, ಯಾಕೆಂದರೆ ಅಲ್ಲಿ ಒಂದರಿಂದ 430ರ ತನಕ ಬರೆದಿಟ್ಟ ಪಟ್ಟಿಯೇ ಇಲ್ಲ. ಮುಚ್ಚಿಟ್ಟಿಲ್ಲ, ನಿಜವಾಗಿಯೂ ಇಲ್ಲ.

ಅವರು ಮಾಡುವುದು ಸಾಲು ನಿಲ್ಲಿಸುವ ಕೆಲಸವಲ್ಲ, ನಾಟಕಕ್ಕೆ ತಂಡ ಕಟ್ಟುವ ಕೆಲಸ. ತಂಡದಲ್ಲಿ ಎಲ್ಲರೂ ರಾಜನ ಪಾರ್ಟೇ ಮಾಡುತ್ತೇವೆ ಅಂದರೆ ಆಗುತ್ತಾ? ಫುಟ್ಬಾಲ್ ಟೀಮಿಗೆ ಬೇಕಾದಷ್ಟು ಆಟಗಾರರು 40,000 ಮಕ್ಕಳಿರುವ ವಿಶ್ವವಿದ್ಯಾಲಯಕ್ಕೂ ಬೇಕು, 2,000 ಮಕ್ಕಳಿರುವ ವಿಲಿಯಮ್ಸ್ ಕಾಲೇಜಿಗೂ ಬೇಕು. ಅದಕ್ಕೇ ವಿಲಿಯಮ್ಸ್, ಆಮ್ಹರ್ಸ್ಟ್‌ನಂಥ ಕಡೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಕಾಲೇಜಿನ ಯಾವುದಾದರೊಂದು ಟೀಮಿನಲ್ಲಿ ಆಡುವವರು. ಅವರು ಆಡುವ ಡಿವಿಷನ್ ಮೂರರಲ್ಲಿ, ಅಂದರೆ ಕಾಲೇಜು ಕ್ರೀಡೆಯ ಮೂರನೇ ವಿಭಾಗದಲ್ಲಿ, ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ, ಆದರೆ ಸೀಟು ಸಿಗುವುದಕ್ಕೆ ಆಟ ಚೆನ್ನಾಗಿಯೇ ನೆರವಾಗುತ್ತದೆ. ಆರ್ಕೆಸ್ಟ್ರಾದ ಕಥೆಯೂ ಅಷ್ಟೇ. ಬಸೂನ್ ಊದುವವಳು ಈ ವರ್ಷ ಪದವಿ ಮುಗಿಸಿ ಹೋದರೆ ಆ ಕುರ್ಚಿ ಖಾಲಿ. ನೀವು ನಗಾಡಿದ ಆ ಹುಡುಗಿ ಬಂದಿರುವುದು ಪ್ರಾಯಶಃ ಆ ಕುರ್ಚಿಗೇ ಇರಬಹುದು. ಜೇನಿನ ಹುಡುಗ ಮಾತ್ರ ಸುಮ್ನೆ ಪ್ರಚಾರಕ್ಕೆ. ಪ್ರತಿ ವರ್ಷ ಇಂಥ ಪುಟಗಳಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ, ನಾನೇನೂ ಅವನ ಪರವಾಗಿ ವಾದಿಸಲಾರೆ.

ಇದು ನ್ಯಾಯವೇ ಅಂದರೆ, ಪೂರ್ತಿ ಅಲ್ಲ. ಅಂಕಪಟ್ಟಿ ಒಂದನ್ನೇ ನೋಡಿದ್ದರೆ ಹೊರಗುಳಿಯುತ್ತಿದ್ದ ಒಳ್ಳೆಯ ಮಕ್ಕಳು ಒಳಗೆ ಬರುತ್ತಾರೆ, ಅದು ನಿಜ. ಬೋಡಿನ್ ಕಾಲೇಜು 1969ರಲ್ಲೇ ಪ್ರವೇಶ ಪರೀಕ್ಷೆಯ ಅಂಕ ಕೊಡುವುದೂ ಬಿಡುವುದೂ ನಿಮ್ಮಿಷ್ಟ ಅಂದಿತ್ತು. ಆದರೆ ತಂಡ ಕಟ್ಟುವವರ ಕೈಯಲ್ಲಿ ದುಡ್ಡಿನ ಲೆಕ್ಕವೂ ಇರುತ್ತದೆ, ಇದನ್ನು ಆ ಪುಟ ನಿಮಗೆ ಹೇಳುವುದಿಲ್ಲ. ಇಂಥ ಹಲವು ಕಾಲೇಜುಗಳಲ್ಲಿ ಓದು, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 80,000 ಡಾಲರ್ ದಾಟಿ ಹೋಗಿದೆ. ಹೊರದೇಶದ ಮಕ್ಕಳ ಅರ್ಜಿ ನೋಡುವಾಗ 'ಇವರಿಗೆ ಎಷ್ಟು ನೆರವು ಬೇಕಾಗುತ್ತದೆ' ಅನ್ನುವುದನ್ನು ಹೆಚ್ಚಿನ ಕಾಲೇಜುಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆಮ್ಹರ್ಸ್ಟ್, ಬೋಡಿನ್‌ನಂಥ ಕೆಲವೇ ಕೆಲವು ಆ ಕಡೆ ಕಣ್ಣು ಹಾಯಿಸುವುದಿಲ್ಲ. ಇದನ್ನು ಅಲ್ಲಿ 'ನೀಡ್ ಬ್ಲೈಂಡ್' ಅನ್ನುತ್ತಾರೆ. ಹಾಗಾಗಿ ನಿಮ್ಮ ಮಗಳಿಗಿಂತ ಚುರುಕಾದ ಯಾವುದೋ ಹುಡುಗಿ ಬರೀ ದುಡ್ಡಿನ ಕಾರಣಕ್ಕೆ ಹೊರಗುಳಿದಿರಲೂಬಹುದು. ಈ ಮಾತು ಕಹಿ, ಆದರೆ ರ‍್ಯಾಂಕ್ ಕೇಳಿದವರಿಗೆ ಇದನ್ನೂ ಹೇಳಬೇಕಲ್ವಾ?

ಆ 430 ಅನ್ನುವ ಸಂಖ್ಯೆಯನ್ನೇ ಒಂಚೂರು ನೋಡಿ. ಅದರ ಹಿಂದೆ ಎಷ್ಟು ನಿದ್ದೆಗೆಟ್ಟ ರಾತ್ರಿಗಳಿವೆಯೋ! ಕಾಲೇಜು ಸೀಟು ಕೊಡುವುದು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಮಕ್ಕಳಿಗೆ. ಒಂದೊಂದು ಮಗುವಿನ ಕೈಯಲ್ಲೂ ನಾಲ್ಕೈದು ಕಾಲೇಜಿನ ಆಹ್ವಾನ ಇರುತ್ತದೆ. ಸಾಮಾನ್ಯವಾಗಿ ಮೇ 1ರ ಹೊತ್ತಿಗೆ ಮಕ್ಕಳು ಒಂದನ್ನು ಆರಿಸಿ ಮುಂಗಡ ಕಟ್ಟಬೇಕು. ಅಲ್ಲಿಯವರೆಗೆ ಕಾಲೇಜಿನದು ಬರೀ ಅಂದಾಜು. ಈ ಆತಂಕ ತಪ್ಪಿಸಲೆಂದೇ 'ಅರ್ಲಿ ಡಿಸಿಷನ್' ಅಂತ ಇಟ್ಟುಕೊಂಡಿದ್ದಾರೆ. ಸೀಟು ಕೊಟ್ಟರೆ ಬಂದೇ ಬರುತ್ತೇನೆ ಅಂತ ಮೊದಲೇ ಮಾತು ಕೊಟ್ಟವರಿಂದಲೇ ಕೆಲವು ಕಾಲೇಜುಗಳು ಅರ್ಧ ಬ್ಯಾಚನ್ನು ತುಂಬಿಸಿಕೊಳ್ಳುತ್ತವೆ. ಅಂದಾಜು ಮೀರಿ 50 ಮಕ್ಕಳು ಜಾಸ್ತಿ ಬಂದರೆ ಇಬ್ಬರ ಕೋಣೆಯಲ್ಲಿ ಮೂರು ಮಂಚ. ಕಡಿಮೆ ಬಂದರೆ ಇನ್ನೂ ಕಷ್ಟ: ಒಬ್ಬರಿಂದ ವರ್ಷಕ್ಕೆ 40,000 ಡಾಲರ್ ಕೈಗೆ ಬರುತ್ತಿತ್ತು ಅಂತ ಇಟ್ಟುಕೊಳ್ಳಿ, 20 ಮಕ್ಕಳು ಕಡಿಮೆಯಾದರೆ 8 ಲಕ್ಷ ಡಾಲರ್ ಖೋತಾ, ಅದೂ ಒಂದು ವರ್ಷಕ್ಕಲ್ಲ, ಆ ಬ್ಯಾಚು ಮುಗಿಯುವ ತನಕ ನಾಲ್ಕು ವರ್ಷ. ಮಿಡಲ್ಬರಿ ಕಾಲೇಜಂತೂ ಸುಮಾರು ನೂರು ಹೊಸ ಮಕ್ಕಳಿಗೆ ಸೆಪ್ಟೆಂಬರ್‌ನಲ್ಲಿ ಬೇಡ, ಫೆಬ್ರವರಿಯಲ್ಲಿ ಬನ್ನಿ ಅನ್ನುತ್ತದೆ.

ಹ್ಯಾಂಪ್‌ಶೈರ್ ಕಾಲೇಜು 2019ರಲ್ಲಿ ದುಡ್ಡಿನ ಮುಗ್ಗಟ್ಟಿಗೆ ಸಿಕ್ಕಿ, ಈ ಸಲ ಪೂರ್ತಿ ಬ್ಯಾಚ್ ತೆಗೆದುಕೊಳ್ಳುವುದಿಲ್ಲ ಅಂತ ತೀರ್ಮಾನಿಸಿತು. ಆ ವರ್ಷ ಅಲ್ಲಿ ಸೇರಿದ ಹೊಸಬರು ಒಂದೇ ಸಣ್ಣ ಕೋಣೆಯಲ್ಲಿ ಕೂರುವಷ್ಟು ಮಂದಿ. ಒಂದು ಬ್ಯಾಚು ತಪ್ಪಿದರೆ ಪುಟ್ಟ ಕಾಲೇಜಿನ ಕಂಬವೇ ಅಲ್ಲಾಡುತ್ತದೆ. ಮುಂದಿನ ದಿನಗಳು ಇನ್ನೂ ಬಿಗಿ. ಅಮೆರಿಕದಲ್ಲಿ ಅತಿ ಹೆಚ್ಚು ಮಕ್ಕಳು ಹುಟ್ಟಿದ್ದು 2007ರಲ್ಲಿ, ಸುಮಾರು 43 ಲಕ್ಷ. ಆಮೇಲಿನಿಂದ ಇಳಿಮುಖ. ಆ ಮಕ್ಕಳಿಗೆ 18 ತುಂಬಿದ್ದು 2025ರಲ್ಲಿ. ಅಂದರೆ ನಿಮ್ಮ ಮಗಳು ಕಾಲಿಡುತ್ತಿರುವುದು ಇಳಿಜಾರು ಶುರುವಾಗುವ ಕಡೆಯಲ್ಲಿ. ಹೆಸರು ಮಾಡಿದ, ದತ್ತಿನಿಧಿ ದೊಡ್ಡದಿರುವ ಕಾಲೇಜುಗಳಿಗೆ ಇದರಿಂದ ಏನೂ ಆಗಲಿಕ್ಕಿಲ್ಲ. ಉಳಿದವು ಹೊರದೇಶದ ಮಕ್ಕಳ ಕಡೆ ಇನ್ನೂ ಆಸೆಯಿಂದ ನೋಡುತ್ತವೆ.

'ಇಷ್ಟು ಜನಾಂಗ, ಅಷ್ಟು ಪರ್ಸೆಂಟ್ ಅಂತೆಲ್ಲ ಯಾಕೆ ಕೊಚ್ಚಿಕೊಳ್ಳಬೇಕು' ಅಂತಲೂ ಬೇಸರಪಟ್ಟಿದ್ದೀರಿ. ಅದು ಬರೀ ಕೊಚ್ಚಿಕೊಳ್ಳುವುದಲ್ಲ. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪ್ರವೇಶಕ್ಕೆ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಯನ್ನು ತಳ್ಳಿಹಾಕಿತು. ಮುಂದಿನ ವರ್ಷವೇ ಆಮ್ಹರ್ಸ್ಟ್‌ನ ಹೊಸ ಬ್ಯಾಚಿನಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಶೇ 11ರಿಂದ ಶೇ 3ಕ್ಕೆ ಕುಸಿಯಿತು. ಅಲ್ಲಿಂದ ಈಚೆಗೆ ಈ ಪುಟ ಪ್ರಕಟವಾಗುವ ದಿನ ಎಲ್ಲರೂ ಕಾದು ಕೂತು ನೋಡುತ್ತಾರೆ, ಕೆಲವರು ಸಂಕಟದಿಂದ, ಕೆಲವರು ತಪ್ಪು ಹಿಡಿಯಲಿಕ್ಕೆ. 1835ರಲ್ಲೇ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಲು ಒಪ್ಪಿದ ಓಬರ್ಲಿನ್‌ನಂಥ ಕಾಲೇಜುಗಳಿರುವ ನಾಡಿನಲ್ಲಿ ಈ ಅಂಕಿಗಳು ಸುಮ್ಮನೆ ಅಂಕಿಗಳಲ್ಲ.

ಇನ್ನು ನಿಮ್ಮ ಮಗಳ ಲೆಕ್ಕ. ದೇಶಗಳ ಸಾಲಿನಲ್ಲಿ ಅವಳಿದ್ದಾಳೆ. ಹೆಚ್ಚು ಹೊತ್ತು ಲೆಕ್ಕವಾಗಿ ಮಾತ್ರ ಉಳಿಯುವುದಿಲ್ಲ, ಅದು ಪುಟ್ಟ ಕಾಲೇಜಿನ ಗುಣ, ಒಮ್ಮೊಮ್ಮೆ ಕಾಟವೂ ಹೌದು. ಗ್ರಿನೆಲ್ ಕಾಲೇಜಿನಲ್ಲಿ ಎಲ್ಲರಿಗೂ ಕಡ್ಡಾಯವಾದ ಕೋರ್ಸ್ ಒಂದೇ, ಮೊದಲ ವರ್ಷದ ಟ್ಯುಟೋರಿಯಲ್. ಹತ್ತು ಹನ್ನೆರಡು ಮಕ್ಕಳು ಒಂದು ಮೇಜಿನ ಸುತ್ತ. ನನ್ನ ಅಕ್ಕನ ಮಗ ಇಂಥದ್ದೇ ಬೇರೊಂದು ಕಾಲೇಜಿಗೆ ಹೋಗಿದ್ದ. ಎರಡನೇ ವಾರ ಒಂದು ಕ್ಲಾಸಿಗೆ ಚಕ್ಕರ್ ಹೊಡೆದ. ಮಧ್ಯಾಹ್ನಕ್ಕೆ ಪ್ರೊಫೆಸರ್ ಮೇಲ್: "ಹುಷಾರಿದ್ದೀಯಾ?" ಬೈದಿದ್ದರೆ ವಾಸಿ ಇತ್ತು ಮಾಮ ಅಂದ. ಅವನು ಊರಿನಲ್ಲಿ ಯಾವಾಗಲೂ ಮೂರನೆಯವನೋ ನಾಲ್ಕನೆಯವನೋ ಆಗಿದ್ದವನು. ಅಲ್ಲಿ ಮೊದಲ ಸೆಮಿಸ್ಟರ್ ಪೂರ್ತಿ 'ನಾನು ಎಲ್ಲಿದ್ದೇನೆ' ಅಂತ ಗೊತ್ತಾಗದೆ ಒದ್ದಾಡಿದ. ಸ್ವಾರ್ಥ್‌ಮೋರ್ ಕಾಲೇಜು ಮೊದಲ ಸೆಮಿಸ್ಟರಿನಲ್ಲಿ ಗ್ರೇಡನ್ನೇ ಲೆಕ್ಕಕ್ಕಿಡದೆ ಪಾಸೋ ಇಲ್ಲವೋ ಅಂತಷ್ಟೇ ಬರೆಯುವುದು ಇಂಥವರಿಗಾಗಿಯೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಮೇಜರ್, ಅಂದರೆ ಮುಖ್ಯವಾಗಿ ಓದುವ ವಿಷಯ, ಯಾವುದು ಅಂತ ಈಗಲೇ ಪೀಡಿಸಬೇಡಿ. ಅದನ್ನು ಹೇಳಲು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯ ತನಕ ಸಮಯವಿದೆ.

ಅಂಕಿಗಳು ಬೇಕೇ ಬೇಕು ಅನ್ನುವುದಾದರೆ ಪರಿಚಯದ ಪುಟ ಬಿಡಿ, ಆ ಕಾಲೇಜಿನ 'ಕಾಮನ್ ಡೇಟಾ ಸೆಟ್' ಹುಡುಕಿ. ಹೆಚ್ಚಿನ ಕಾಲೇಜುಗಳು ಅದನ್ನು ಪ್ರತಿ ವರ್ಷ ಹೊರಗೆ ಹಾಕುತ್ತವೆ. ಅದರ ಸಿ ಭಾಗದಲ್ಲಿ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸಿಕ್ಕಿತು, ಎಷ್ಟು ಜನ ನಿಜಕ್ಕೂ ಬಂದರು ಅಂತ ಇರುತ್ತದೆ. ಎಚ್ ಭಾಗದಲ್ಲಿ ಹೊರದೇಶದ ಮಕ್ಕಳಿಗೆ ಎಷ್ಟು ನೆರವು ಕೊಟ್ಟರು ಅನ್ನುವುದು. ನಾನಾಗಿದ್ದರೆ ಮೊದಲು ನೋಡುವುದು ಬಿ ಭಾಗ. ಮೊದಲ ವರ್ಷ ಸೇರಿದವರಲ್ಲಿ ಎರಡನೇ ವರ್ಷಕ್ಕೆ ಮರಳಿ ಬಂದವರು ಎಷ್ಟು ಮಂದಿ ಅಂತ ಅಲ್ಲಿ ಗೊತ್ತಾಗುತ್ತದೆ.

ಕೊನೆಗೆ, ನೀವು ಕೇಳದೆ ಇದ್ದ ಒಂದು ಮಾತು. ರೂಮ್‌ಮೇಟ್ ಹುಡುಕಿಕೊಡಲು ಕಾಲೇಜಿನಿಂದ ಒಂದು ಫಾರಂ ಬರಬಹುದು. ಎಷ್ಟು ಗಂಟೆಗೆ ಮಲಗುತ್ತೀಯ, ಗದ್ದಲದಲ್ಲಿ ಓದುತ್ತೀಯಾ, ಕೋಣೆ ಚೊಕ್ಕವಾಗಿ ಇಟ್ಟುಕೊಳ್ಳುತ್ತೀಯಾ ಅಂತೆಲ್ಲ ಕೇಳುತ್ತಾರೆ. ದಯವಿಟ್ಟು ಅದನ್ನು ನೀವು ತುಂಬಬೇಡಿ. ಹತ್ತಕ್ಕೆ ಮಲಗುತ್ತಾಳೆ ಅಂತ ನೀವು ಬರೆದುಬಿಟ್ಟರೆ, ರಾತ್ರಿ ಎರಡರ ತನಕ ಎದ್ದಿರುವ ನಿಮ್ಮ ಮಗಳು ಹತ್ತಕ್ಕೆ ದೀಪ ಆರಿಸುವವಳ ಜೊತೆ ವರ್ಷವಿಡೀ ಕತ್ತಲಲ್ಲಿ ಕೂರಬೇಕಾಗುತ್ತದೆ.

— ಸಂಪಾದಕ