ಬಿಟ್ಟ ಹಾಲನ್ನು ಮತ್ತೆ ಕೇಳುವ ಮಗು

ಪ್ರಶ್ನೆ: ನನ್ನ ಮಗಳಿಗೆ ಈಗ 2 ವರ್ಷ 8 ತಿಂಗಳು. ಎರಡನೆಯ ಬಸಿರಿನ ನಾಲ್ಕನೆಯ ತಿಂಗಳಲ್ಲಿ ಹಾಲು ಕಡಿಮೆಯಾಗಿ, ಮೊಲೆತೊಟ್ಟುಗಳೂ ನೋಯತೊಡಗಿದ್ದರಿಂದ ನಿಧಾನವಾಗಿ ಅವಳಿಗೆ ಹಾಲು ಬಿಡಿಸಿದೆ. ಹೆಚ್ಚು ಹಟ ಮಾಡದೆ ಬಿಟ್ಟಳು. ಈಗ ಮಗ ಹುಟ್ಟಿ ಮೂರು ವಾರವಾಗಿದೆ. ಅವನನ್ನು ಎದೆಗೆ ಹಚ್ಚಿದ ಕೂಡಲೇ ಅವಳು ಎಲ್ಲಿದ್ದರೂ ಓಡಿಬಂದು, ನನ್ನ ಮೊಣಕೈ ಹಿಡಿದು ನಿಂತು, "ನಂಗೂ" ಎನ್ನುತ್ತಾಳೆ. ಒಂದು ದಿನ ತಡೆಯಲಾರದೆ ಕೊಟ್ಟೆ. ತುಟಿ ತಾಗಿಸಿ, ಹೇಗೆ ಕುಡಿಯುವುದೆಂದು ತಿಳಿಯದೆ ನಕ್ಕು ಓಡಿಹೋದಳು. ಆದರೆ ಮಾರನೆಯ ದಿನದಿಂದ ನಾಲ್ಕೈದು ಬಾರಿ ಕೇಳುತ್ತಾಳೆ, ಈಗೀಗ ನಿಜವಾಗಿಯೇ ಕುಡಿಯುತ್ತಾಳೆ. ಕೂಸಿನ ಪಾಲು ಹೋಗುತ್ತದೆ ಎಂಬ ಆತಂಕ ನಮ್ಮ ಅತ್ತೆಯವರಿಗೆ. ಗದರಿಸಿ ಒಮ್ಮೆಗೇ ನಿಲ್ಲಿಸು ಎನ್ನುತ್ತಾರೆ ಯಜಮಾನರು. ನನಗೋ, ಅವಳು ಕುಡಿಯುವಾಗ ಮೈಯೆಲ್ಲ ಮುಳ್ಳೆದ್ದಂತಾಗಿ ದೂರ ತಳ್ಳಿಬಿಡಬೇಕೆನಿಸುತ್ತದೆ. ಆಮೇಲೆ ಹಾಗೆನಿಸಿತಲ್ಲ ಎಂದು ಅಳು ಬರುತ್ತದೆ. ಕೊಡಬಹುದೇ? ಕೊಡದಿದ್ದರೆ ಅವಳಿಗೆ ಹೇಗೆ ಹೇಳಲಿ?
— ಹೆಸರು ಬೇಡವೆಂದು ಕೋರಿದ ಓದುಗರು

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ನಾನು ಊಹಿಸಬಲ್ಲೆ. ದೊಡ್ಡ ಮಗು ಎದೆಗೆ ಬಾಯಿ ಹಚ್ಚಿದಾಗ ಮೈ ಜುಮ್ಮೆಂದು, ಹಲ್ಲು ಕಚ್ಚಿ ಸಹಿಸಬೇಕಾದ ಅನುಭವ ಬಸುರಿಯರಲ್ಲಿಯೂ ಇಬ್ಬರು ಮಕ್ಕಳಿಗೆ ಹಾಲೂಡುವ ತಾಯಂದಿರಲ್ಲಿಯೂ ಸಾಕಷ್ಟು ಕಂಡುಬರುತ್ತದೆ. ಹೆಚ್ಚಿನವರು ಅದನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಮಗಳ ಮೇಲಿನ ಪ್ರೀತಿ ಕಡಿಮೆಯಾಗಿದೆ ಎಂದು ಅದರ ಅರ್ಥವಲ್ಲ. ಹೆರಿಗೆಯ ನಂತರದ ದೇಹ, ನಿದ್ದೆಯಿಲ್ಲದ ರಾತ್ರಿಗಳು, ಇನ್ನೂ ಹುಣ್ಣಾಗಿರಬಹುದಾದ ತೊಟ್ಟುಗಳು, ಇವೆಲ್ಲದರ ನಡುವೆ ಬಲವಾಗಿ ಚೀಪುವ, ಹಲ್ಲು ಬಂದ ಬಾಯಿಯೊಂದು ತಾಗಿದಾಗ ದೇಹ ಹಿಂದೆ ಸರಿಯುತ್ತದೆ, ಅಷ್ಟೇ. ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಈ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹಕ್ಕು ನಿಮಗಿದೆ.

ಇನ್ನು ಅತ್ತೆಯವರ ಆತಂಕ. ಎದೆಯಿಂದ ಹಾಲು ಹೊರಹೋದಷ್ಟೂ ಹೊಸ ಹಾಲು ಬೇಗ ಬೇಗ ಉತ್ಪತ್ತಿಯಾಗುತ್ತದೆ. ಎದೆ ತುಂಬಿಕೊಂಡೇ ಉಳಿದರೆ ಉತ್ಪತ್ತಿ ತಗ್ಗುತ್ತದೆ. ಅವಳಿ ಮಕ್ಕಳ ತಾಯಂದಿರು ಇಬ್ಬರಿಗೂ ಎದೆಹಾಲು ಕೊಡಲು ಸಾಧ್ಯವಾಗುವುದು ಇದರಿಂದಲೇ. ಆದ್ದರಿಂದ ನಿಮ್ಮ ಮಗಳು ದಿನಕ್ಕೊಮ್ಮೆಯೋ ಎರಡು ಬಾರಿಯೋ ಕುಡಿದ ಮಾತ್ರಕ್ಕೆ ಹಾಲು ಬತ್ತಿಹೋಗುವುದಿಲ್ಲ. ಆದರೂ ಅತ್ತೆಯವರ ಮಾತಿನಲ್ಲಿ ಬಿಡಬಾರದ ಒಂದು ಎಳೆಯಿದೆ. ಮೂರು ವಾರದ ಕೂಸಿಗೆ ಹಾಲಿನ ಹೊರತು ಬೇರೆ ಆಹಾರವೇ ಇಲ್ಲ, ಅದರ ಚೀಪುವ ಶಕ್ತಿಯೂ ಕಡಿಮೆ. ಮಗಳು ಮೊದಲು ಕುಡಿದು ಎದೆಯನ್ನು ಹಗುರ ಮಾಡಿಬಿಟ್ಟರೆ ಹಾಲು ನಿಧಾನವಾಗಿ ಬರತೊಡಗುತ್ತದೆ, ಕೂಸು ಅರ್ಧಕ್ಕೇ ದಣಿದು ನಿದ್ದೆಹೋಗಬಹುದು. ಹಾಗಾಗಿ ಕೂಸು ಕುಡಿದು ತೃಪ್ತವಾದ ಮೇಲೆಯೇ ದೊಡ್ಡವಳ ಸರದಿ ಎಂಬ ಒಂದು ನಿಯಮವನ್ನು ಈಗ ಸಡಿಲಿಸಬೇಡಿ.

ಕೂಸಿಗೆ ಸಾಕಾಗುತ್ತಿದೆಯೇ ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ. ಈ ವಯಸ್ಸಿನಲ್ಲಿ ಕೂಸು 24 ಗಂಟೆಗಳಲ್ಲಿ ಸುಮಾರು 8ರಿಂದ 12 ಬಾರಿ ಕುಡಿಯುತ್ತದೆ, ಕನಿಷ್ಠ 6 ಬಾರಿಯಾದರೂ ಚೆನ್ನಾಗಿ ಒದ್ದೆ ಮಾಡಿಕೊಳ್ಳುತ್ತದೆ. ಹುಟ್ಟಿದಾಗಿನ ತೂಕವನ್ನು ಸಾಮಾನ್ಯವಾಗಿ ಎರಡು ವಾರದೊಳಗೆ ಮರಳಿ ಗಳಿಸಿ, ಆನಂತರ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂನಷ್ಟು ಏರುತ್ತದೆ. ಕುಡಿಯುವಾಗ ನುಂಗುವ ಸದ್ದು ಕೇಳಿಸುತ್ತದೆ. ಮುಂದಿನ ಬಾರಿ ತೂಕ ಹಾಕಿಸುವಾಗ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ. ತಕ್ಕಡಿಯ ಮೇಲಿನ ಅಂಕಿಯನ್ನು ಅವರೇ ಕಂಡರೆ ಅರ್ಧ ವಾದ ಅಲ್ಲಿಯೇ ಮುಗಿಯುತ್ತದೆ. ತೂಕ ಏರದಿದ್ದರೆ, ಒದ್ದೆಯಾಗುವುದು ಕಡಿಮೆಯಾದರೆ, ಕೂಸು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಅಂದೇ ವೈದ್ಯರಿಗೆ ತೋರಿಸಿ.

ಮಗಳ ವಯಸ್ಸಿನ ಬಗ್ಗೆ ಯಾರಾದರೂ ಆಕ್ಷೇಪಿಸಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇರುವುದೇ ಮೊದಲ 6 ತಿಂಗಳು ಎದೆಹಾಲು ಮಾತ್ರ, ಬಳಿಕ ಇತರ ಆಹಾರದ ಜೊತೆಗೆ 2 ವರ್ಷದವರೆಗೆ ಅಥವಾ ಅದಕ್ಕೂ ಮುಂದೆ ಎಂದು. ಅವಳು ಕುಡಿಯುವುದರಲ್ಲಿ ವೈದ್ಯಕೀಯವಾಗಿ ತಪ್ಪೇನೂ ಇಲ್ಲ. ಅವಳಿಗೊಂದು ಬದಿ, ಅವನಿಗೊಂದು ಬದಿ ಎಂದು ಹಂಚುವ ಅಗತ್ಯವೂ ಇಲ್ಲ. ಅವಳ ಬಾಯಲ್ಲಿ ಹುಣ್ಣೋ ಬಿಳಿ ಮಚ್ಚೆಗಳೋ ಕಂಡರೆ ಮಾತ್ರ ವೈದ್ಯರನ್ನು ಕೇಳುವ ತನಕ ನಿಲ್ಲಿಸಿ.

ಇಷ್ಟಾದ ಮೇಲೆ ನಿಜವಾದ ಪ್ರಶ್ನೆಗೆ ಬರೋಣ. ಅವಳು ಕೇಳುತ್ತಿರುವುದು ಏನನ್ನು? ಮೊದಲ ದಿನ ತುಟಿ ತಾಗಿಸಿ ನಕ್ಕು ಓಡಿಹೋದಳು ಎಂದು ನೀವೇ ಬರೆದಿದ್ದೀರಿ. ಹಾಲು ಬಿಟ್ಟು ಕೆಲವು ತಿಂಗಳಾದ ಎಷ್ಟೋ ಮಕ್ಕಳಿಗೆ ಎದೆ ಚೀಪುವ ಕ್ರಮವೇ ಮರೆತುಹೋಗಿರುತ್ತದೆ. ಬಾಯಿ ತೆರೆದು, ಏನು ಮಾಡಬೇಕೆಂದು ತೋಚದೆ ತಾಯಿಯ ಮುಖ ನೋಡುತ್ತಾರೆ. ಹಸಿವಾಗಿದ್ದರೆ ಹಾಗೆ ನಗುತ್ತಾ ಓಡುತ್ತಿರಲಿಲ್ಲ. ಇಡೀ ದಿನದಲ್ಲಿ ನೀವು ಕೂತಲ್ಲಿ ಕೂತು, ಬೇರೆ ಕೆಲಸವಿಲ್ಲದೆ, ಒಂದು ಮುಖವನ್ನೇ ನೋಡುತ್ತಿರುವ ಹೊತ್ತೆಂದರೆ ಹಾಲೂಡುವ ಹೊತ್ತು, ಮತ್ತು ಆ ಮುಖ ಈಗ ತನ್ನದಲ್ಲ ಎಂಬುದನ್ನು ಅವಳು ದಿನಕ್ಕೆ ಹತ್ತು ಬಾರಿ ಕಾಣುತ್ತಿದ್ದಾಳೆ. ಆ ಜಾಗ ಇನ್ನೂ ತನಗಿದೆಯೇ ಎಂದು ಪರೀಕ್ಷಿಸಲು ಅವಳಿಗೆ ಗೊತ್ತಿರುವ ಪದ "ನಂಗೂ" ಒಂದೇ.

ಆದ್ದರಿಂದ ಯಜಮಾನರ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಗದರಿಸಿದರೆ ಕೇಳುವುದು ನಿಲ್ಲಬಹುದು. ಆದರೆ ಜಾಗ ಹೋಯಿತೆಂಬ ಅವಳ ಅನುಮಾನ ಖಚಿತವಾಗಿ, ರಾತ್ರಿ ಹಾಸಿಗೆ ಒದ್ದೆ ಮಾಡುವುದರಲ್ಲಿಯೋ, ಕೂಸನ್ನು ಚಿವುಟುವುದರಲ್ಲಿಯೋ ಅದು ಹೊರಬರುತ್ತದೆ.

ನಿಮಗೆ ಸಹಿಸಲು ಸಾಧ್ಯವೆನಿಸಿದರೆ ಮಿತಿ ಹಾಕಿ ಕೊಡಿ. ದಿನಕ್ಕೊಮ್ಮೆ, ಕೂಸು ಮಲಗಿದ ಮೇಲೆ, ನೀವು ನಿಧಾನವಾಗಿ ಒಂದರಿಂದ ಹತ್ತರವರೆಗೆ ಎಣಿಸುವಷ್ಟು ಹೊತ್ತು. ಈ ವಯಸ್ಸಿನ ಮಗು ಎಣಿಕೆಯ ಅಂತ್ಯವನ್ನು ಬಹುಬೇಗ ಕಲಿಯುತ್ತದೆ, "ಹತ್ತು" ಎಂದಾಗ ತಾನೇ ಬಾಯಿ ತೆಗೆಯುತ್ತದೆ. ನೀವಾಗಿ ಕರೆದು ಕೊಡಬೇಡಿ, ಆ ಹೊತ್ತಿಗೆ ಕೇಳಿದರೆ ನಿರಾಕರಿಸಲೂ ಬೇಡಿ. ಹೆಚ್ಚಿನ ಮಕ್ಕಳಲ್ಲಿ ಈ ಕುತೂಹಲ ಕೆಲವು ವಾರಗಳಲ್ಲಿ ತಾನಾಗಿ ಇಳಿದುಹೋಗುತ್ತದೆ. ಸ್ವಲ್ಪ ಹಾಲನ್ನು ಹಿಂಡಿ ಪುಟ್ಟ ಲೋಟದಲ್ಲಿ ಕೊಟ್ಟುನೋಡುವುದೂ ಒಂದು ದಾರಿ. ರುಚಿ ನೋಡಿ, ಮುಖ ಸಿಂಡರಿಸಿ ಲೋಟ ಹಿಂದಿರುಗಿಸುವ ಮಕ್ಕಳು ಕಡಿಮೆಯೇನಲ್ಲ.

ಆದರೆ ನಿಮ್ಮ ಪತ್ರವನ್ನು ಎರಡು ಬಾರಿ ಓದಿದ ಮೇಲೆ, ನಿಮಗೆ ಕೊಡುವ ಮನಸ್ಸಿಲ್ಲವೆಂದೇ ನನಗೆ ತೋರುತ್ತದೆ. ಹಾಗಿದ್ದರೆ ಕೊಡಬೇಡಿ. ಹಲ್ಲು ಕಚ್ಚಿಕೊಂಡು ಕೊಡುವ ತಾಯಿಯ ಮೈ ಬಿಗಿಯಾಗಿರುವುದು ಮಡಿಲಲ್ಲಿರುವ ಮಗುವಿಗೆ ತಿಳಿಯುತ್ತದೆ. "ನೀನು ದೊಡ್ಡವಳಾದೆಯಲ್ಲ" ಎನ್ನಬೇಡಿ. ದೊಡ್ಡವಳಾದದ್ದೇ ಸದ್ಯಕ್ಕೆ ಅವಳ ದುಃಖ. ಹಾಲಿಲ್ಲವೆಂದು ಸುಳ್ಳು ಹೇಳಬೇಡಿ, ತಮ್ಮನ ತುಟಿಯಂಚಿನಲ್ಲಿ ಅದು ಇಳಿಯುವುದನ್ನು ಅವಳು ಕಾಣುತ್ತಿದ್ದಾಳೆ. ಕೂಸಿನ ಮೇಲೆ ತಪ್ಪು ಹೊರಿಸಲೂ ಬೇಡಿ. "ನೀನು ಕೂಸಾಗಿದ್ದಾಗ ಹೀಗೇ ನನ್ನ ಮಡಿಲಲ್ಲಿ ಕುಡಿಯುತ್ತಿದ್ದೆ, ಕುಡಿಯುತ್ತಾ ನನ್ನ ಬೆರಳು ಹಿಡಿದುಕೊಳ್ಳುತ್ತಿದ್ದೆ. ಈಗ ಹಾಲು ತಮ್ಮನಿಗೆ. ಈ ಪಕ್ಕ ನಿನಗೆ, ಬಾ" ಎಂದು ಹೇಳಿ, ಖಾಲಿಯಿರುವ ತೋಳನ್ನು ನಿಜವಾಗಿಯೂ ಚಾಚಿ. ಅತ್ತರೆ ಅಳಲಿ, ನಿಮ್ಮ ಮೈಗೆ ಆತುಕೊಂಡೇ ಅಳಲಿ. ಹಾಲೂಡುವ ಹೊತ್ತಿಗೆಂದೇ ಒಂದು ಚಿತ್ರಪುಸ್ತಕವನ್ನೋ ಆಟಿಕೆಯ ಬುಟ್ಟಿಯನ್ನೋ ಎತ್ತಿಟ್ಟುಕೊಂಡು, ಆಗ ಮಾತ್ರ ತೆಗೆದರೆ, ಆ ಹೊತ್ತು ಅವಳದೂ ಆಗುತ್ತದೆ. ಯಜಮಾನರಿಗೆ ಗದರಿಸುವ ಕೆಲಸದ ಬದಲು ಇನ್ನೊಂದನ್ನು ಒಪ್ಪಿಸಿ: ದಿನಕ್ಕೆ ಇಪ್ಪತ್ತು ನಿಮಿಷ ಅವರು ಕೂಸನ್ನು ಎತ್ತಿಕೊಂಡು ಬೇರೆ ಕೋಣೆಯಲ್ಲಿರಲಿ, ಆ ಇಪ್ಪತ್ತು ನಿಮಿಷ ನಿಮ್ಮ ಎರಡು ಕೈಗಳೂ ಮಗಳಿಗಿರಲಿ.

ಪ್ರಶ್ನೆ: ನನ್ನ ಹೆಂಡತಿಗೆ ಹೆರಿಗೆಯಾದ ಎರಡನೆಯ ದಿನ, ಎರಡು ವರ್ಷದ ಮಗ ಹಟ ಹಿಡಿದು ಎದೆಹಾಲು ಕುಡಿದ. ಮಾರನೆಯ ದಿನ ಎರಡು ಮೂರು ಬಾರಿ ತೆಳುವಾಗಿ ಭೇದಿಯಾಯಿತು. ಹಾಲು ಕೆಟ್ಟಿತ್ತೇ?
— ಒಬ್ಬ ತಂದೆ

ಉತ್ತರ: ಕೆಟ್ಟಿರಲಿಲ್ಲ. ಹೆರಿಗೆಯಾದ ಮೊದಲ ಕೆಲವು ದಿನ ಬರುವ ಗಟ್ಟಿಯಾದ, ಹಳದಿ ಛಾಯೆಯ ಗಿಣ್ಣುಹಾಲಿಗೆ ಹೊಟ್ಟೆ ಸಡಿಲಿಸುವ ಗುಣವಿದೆ. ಕೂಸಿನ ಮೊದಲ ಕಪ್ಪು ಮಲ ಹೊರಹೋಗಲು ಅದು ನೆರವಾಗುತ್ತದೆ. ದೊಡ್ಡ ಮಗು ಕುಡಿದರೂ ಮಲ ತೆಳುವಾಗಬಹುದು, ಒಂದೆರಡು ದಿನಗಳಲ್ಲಿ ಸರಿಹೋಗುತ್ತದೆ. ಜ್ವರ, ವಾಂತಿ ಅಥವಾ ಮಲದಲ್ಲಿ ರಕ್ತ ಕಂಡರೆ ಕಾರಣ ಬೇರೆಯಿರುತ್ತದೆ, ವೈದ್ಯರಿಗೆ ತೋರಿಸಿ. ಗಿಣ್ಣುಹಾಲು ಬರುವುದೇ ಸ್ವಲ್ಪ, ಕೂಸಿಗೆ ರೋಗದಿಂದ ರಕ್ಷಣೆ ಕೊಡುವ ಅಂಶಗಳು ಅದರಲ್ಲಿ ಹೇರಳವಾಗಿರುತ್ತವೆ. ಆದ್ದರಿಂದ ಹಾಲು ಚೆನ್ನಾಗಿ ಇಳಿಯುವ ತನಕ, ಅಂದರೆ ಇನ್ನೂ ಒಂದೆರಡು ದಿನ, ಮಗನನ್ನು ನೀವು ಎತ್ತಿಕೊಂಡು ಹೊರಗೆ ಸುತ್ತಾಡಿಸಿಕೊಂಡು ಬನ್ನಿ. ಹಾಲು ಇಳಿದು ನಿಮ್ಮ ಹೆಂಡತಿಯ ಎದೆ ಕಲ್ಲಿನಂತೆ ಬಿಗಿದು, ಕೂಸಿಗೆ ಬಾಯಿ ಹಚ್ಚಲೂ ಆಗದಂತಾದರೆ, ಆಗ ಅವನು ಎರಡು ನಿಮಿಷ ಕುಡಿಯುವುದರಿಂದ ಅವರಿಗೆ ಹಗುರವಾಗುತ್ತದೆ, ಕೂಸಿಗೂ ಅನುಕೂಲವಾಗುತ್ತದೆ.