ಚೈನ್ ಹಾಕಿಸಿದ ಮೇಲೆ ಸ್ವಿಫ್ಟ್ ಡೀಸೆಲ್ ಸ್ಟಾರ್ಟ್ ಆಗಲು ಒದ್ದಾಡುತ್ತಿದ್ದರೆ

ಸರ್, ಟೈಮಿಂಗ್ ಚೈನ್ (ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕನ್ನೂ ವಾಲ್ವ್ ತೆರೆಯೋ ಕ್ಯಾಮ್‌ಗಳನ್ನೂ ಹೊಂದಿಸಿ ತಿರುಗಿಸೋ ಸರಪಳಿ) ಬದಲಾಯಿಸಿದ ಮೇಲೆ ತುಂಬ ಹೊತ್ತು ಸೆಲ್ಫ್ ಹೊಡೆಯಬೇಕು, ಬಿಳಿ ಹೊಗೆ, ಪಿಕಪ್ ಇಲ್ಲ, ಸ್ಕ್ಯಾನರ್‌ನಲ್ಲಿ ಪಿ0016 ಅನ್ನೋ ದೋಷದ ಕೋಡ್ ಬಂದಿದೆ ಅಂದಿದ್ದೀರಿ. ಮೊದಲು ಸೆಲ್ಫ್ ಹೊಡೆಯೋದು ನಿಲ್ಲಿಸಿ. ಈ 1.3 ಎಂಜಿನ್‌ನಲ್ಲಿ ಟೈಮಿಂಗ್ ಜಾಸ್ತಿ ತಪ್ಪಿದರೆ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತೆ, ಆಮೇಲೆ ಎಂಜಿನ್‌ನ ಮೇಲ್ಭಾಗ (ಹೆಡ್) ಬಿಚ್ಚೋ ಕೆಲಸ.

ಡೀಸೆಲ್ ಪಂಪ್‌ನ ಟೈಮಿಂಗ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಅದು ಹಳೆಯ ರೋಟರಿ ಪಂಪ್ ಕಾಲದ ಮಾತು. ನಿಮ್ಮ ಎಂಜಿನ್‌ನಲ್ಲಿರೋದು ಕಾಮನ್ ರೈಲ್, ಅಂದರೆ ಎಲ್ಲ ಸಿಲಿಂಡರ್‌ಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗೋ ವ್ಯವಸ್ಥೆ; ಅದರಲ್ಲಿ ಪಂಪ್ ಒತ್ತಡ ಕೊಡುತ್ತೆ ಅಷ್ಟೇ. ಯಾವಾಗ ಡೀಸೆಲ್ ಸಿಂಪಡಿಸಬೇಕು ಅನ್ನೋದನ್ನು ಇಸಿಯು (ಎಂಜಿನ್‌ನ ಕಂಪ್ಯೂಟರ್) ಕ್ರ್ಯಾಂಕ್, ಕ್ಯಾಮ್ ಸೆನ್ಸರ್ ನೋಡಿ ತೀರ್ಮಾನಿಸುತ್ತೆ. ಪಿ0016 ಅಂದರೆ ಆ ಎರಡರ ಲೆಕ್ಕ ತಾಳೆಯಾಗುತ್ತಿಲ್ಲ ಅಂತ. ಚೈನ್ ಒಂದು ಹಲ್ಲು ಆಚೀಚೆ ಕೂತಿರಬಹುದು, ಇಲ್ಲವೇ ಬಿಚ್ಚಿ ಹಾಕುವಾಗ ಸೆನ್ಸರ್ ಕನೆಕ್ಟರ್ ಸಡಿಲವಾಗಿರಬಹುದು. ಕನೆಕ್ಟರ್ ನೋಡೋದು ಪುಕ್ಕಟೆ ಕೆಲಸ, ಅದೇ ಮೊದಲಾಗಲಿ.

ಅದು ಸರಿಯಿದ್ದರೆ ಕ್ರ್ಯಾಂಕ್‌ಗೂ ಕ್ಯಾಮ್‌ಗಳಿಗೂ ಲಾಕಿಂಗ್ ಪಿನ್ (ಅವನ್ನು ಸರಿಯಾದ ಜಾಗದಲ್ಲಿ ಅಲುಗದಂತೆ ಹಿಡಿಯೋ ಪಿನ್) ಹಾಕಿಸಿ ನೋಡಿ. ಪಿನ್ ತೆಗೆದು, ಸ್ಪ್ಯಾನರ್‌ನಿಂದ ಕೈಯಲ್ಲೇ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಮತ್ತೆ ಎಲ್ಲ ಪಿನ್‌ಗಳೂ ಸಲೀಸಾಗಿ ಇಳಿಯಬೇಕು. ಎರಡು ಸುತ್ತು ಯಾಕೆಂದರೆ ಕ್ಯಾಮ್ ಒಂದು ಸುತ್ತು ಮುಗಿಸೋದು ಆಗಲೇ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. "ಪಿನ್ ಇಲ್ಲ, ಪೇಂಟ್ ಗುರುತು ಹಾಕಿಕೊಂಡೇ ಮಾಡಿದ್ದು" ಅಂದರೆ, ಬೇರೆ ಗ್ಯಾರೇಜ್ ನೋಡಿಕೊಳ್ಳಿ.

ಟೈಮಿಂಗ್ ಸರಿಯಾದ ಮೇಲೂ ಹೊಗೆ, ಒದ್ದಾಟ ಉಳಿದರೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಮಾಡಿಸಿ, ವಾಲ್ವ್ ಬಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತೆ.