ಹತ್ತಡಿ ರೂಮಲ್ಲಿ ಇಬ್ರಿಗೂ ಸಾಮಾನಿಗೂ ಜಾಗ ಮಾಡೋದು ಹೇಗೆ?

10 ಅಡಿಗೆ 10 ಅಡಿ ರೂಮು, ಇಬ್ರು ಇದೀವಿ, ಬಟ್ಟೆಯೆಲ್ಲಾ ಕುರ್ಚಿ ಮೇಲೆ, ಎದುರು ಫ್ಲಾಟಿನವ್ರಿಗೆ ನಮ್ಮ ರೂಮು ನೇರಕ್ಕೆ ಕಾಣುತ್ತೆ, ಏನ್ ಮಾಡ್ಲಿ ಅಂತ ಕೇಳಿದೀರ. ನಮ್ದೂ ಹೆಚ್ಚುಕಮ್ಮಿ ಅದೇ ಅಳತೆ, ಹೋದ ವರ್ಷ ಪೂರ್ತಿ ಬದಲಾಯಿಸಿದ್ವಿ, ಹಾಗಾಗಿ ಸ್ವಲ್ಪ ಧೈರ್ಯವಾಗೇ ಹೇಳ್ತೀನಿ: ವಾರ್ಡ್‌ರೋಬ್ ಡಿಸೈನ್ ನೋಡೋದು ಆಮೇಲೆ, ಮೊದಲು ರೂಮಲ್ಲಿ ಏನೇನು ತೆಗೀಬೇಕು ಮುಚ್ಬೇಕು ಅಂತ ನೋಡಿ. ರೂಮಿನ ಬಾಗಿಲು, ಶಟರ್ (ವಾರ್ಡ್‌ರೋಬಿನ ಬಾಗಿಲು), ಡ್ರಾಯರ್ ಇವೆಲ್ಲ ತೆಗೆದಾಗ ತಿನ್ನೋ ಜಾಗ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ನಿಮ್ಮ ರೂಮಿನ ಅಗಲ 120 ಇಂಚು. ಕ್ವೀನ್ ಸೈಜ್ ಹಾಸಿಗೆ 60 ಇಂಚು ಅಗಲ 78 ಇಂಚು ಉದ್ದ. ವಾರ್ಡ್‌ರೋಬ್ 24 ಇಂಚು ಆಳ. ಕಾಲ ಕಡೆ ವಾರ್ಡ್‌ರೋಬ್ ಇಟ್ರೆ ಉಳಿಯೋದು 18 ಇಂಚು, ಅದ್ರಲ್ಲಿ ಮಂಚದ ಹೆಡ್‌ಬೋರ್ಡ್ ಬೇರೆ, ಅಲ್ಲಿ ನಿಂತು ಶಟರ್ ತೆಗಿಯೋ ಮಾತೇ ಇಲ್ಲ. ಅದೇ ಪಕ್ಕದ ಗೋಡೆಗೆ ಹಾಕಿದ್ರೆ 36 ಇಂಚು ಉಳಿಯುತ್ತೆ, ಅದನ್ನ ಎರಡೂ ಕಡೆ ಸಮ ಹಂಚೋಕೆ ಹೋಗ್ಬೇಡಿ, 18-18 ಅಂದ್ರೆ ಎರಡು ಕಡೇನೂ ಇಕ್ಕಟ್ಟು. ವಾರ್ಡ್‌ರೋಬ್ ಮುಂದೆ 24 ಬಿಡಿ, ಆ ಕಡೆ 12 ಸಾಕು, ಅಡ್ಡಡ್ಡವಾಗಿ ನುಸುಳ್ಬಹುದು, ಬೆಡ್‌ಶೀಟ್ ಸಿಕ್ಕಿಸೋಕೂ ಆಗುತ್ತೆ, ಒಬ್ರನ್ನೊಬ್ರು ದಾಟ್ಕೊಂಡು ಇಳಿಯೋ ಗೋಳೂ ಇರಲ್ಲ.

ಸ್ಲೈಡಿಂಗ್ ಬಾಗಿಲು ಅಂತ ಎಲ್ರೂ ಹೇಳ್ತಾರೆ. ನನಗಂತೂ ಇಷ್ಟ ಇಲ್ಲ, ಒಂದ್ಸಲಕ್ಕೆ ಅರ್ಧ ಮಾತ್ರ ತೆಗೆಯುತ್ತೆ, ಟ್ರ್ಯಾಕು ಮೂರು ಇಂಚಿನಷ್ಟು ಆಳ ತಿನ್ನುತ್ತೆ, ಹ್ಯಾಂಗರ್ ನೇರವಾಗಿ ನೇತಾಕೋಕೆ ಒಳಗೆ 22 ಇಂಚಾದ್ರೂ ಬೇಕು. ನಾವು 15 ಇಂಚಿನ ಕಿರಿದಾದ ಶಟರ್ ಹಾಕಿಸಿದ್ವಿ, ಎರಡಡಿ ಜಾಗದಲ್ಲಿ ಆರಾಮಾಗಿ ತೆಗೆಯುತ್ತೆ. ಸೂರಿನವರೆಗೂ ಹಾಕಿಸಿ, ಇಲ್ದಿದ್ರೆ ಮೇಲೆ ಧೂಳು, ಖಾಲಿ ಡಬ್ಬ. ಆದ್ರೆ ಮಳೆ ಹೊಡೆಯೋ ಹೊರಗೋಡೆಗೆ ಮಾತ್ರ ಅಂಟಿಸ್ಬೇಡಿ, ತೇವ ಎಳ್ಕೊಂಡು ಬಟ್ಟೆಗೆ ಬೂಷ್ಟು ಹಿಡಿಯುತ್ತೆ. ಪಕ್ಕದ ರೂಮಿನ ಗೋಡೆಗಾದ್ರೆ ಆ ಕಡೆಯ ಟಿವಿ ಸದ್ದೂ ಒಂಚೂರು ಕಮ್ಮಿ.

ಮಂಚದ ಕೆಳಗೆ ಡ್ರಾಯರ್ ಬೇಡ, ಅದನ್ನ ಪೂರ್ತಿ ಎಳೆಯೋಕೆ ನಿಮ್ಮ ಹತ್ರ ಜಾಗ ಇಲ್ಲ. ಹಾಸಿಗೆ ಸಮೇತ ಮೇಲಕ್ಕೆತ್ತೋ ಹೈಡ್ರಾಲಿಕ್ ಮಂಚವೇ ಸರಿ, ಕಂಬಳಿ ಸೂಟ್‌ಕೇಸ್ ತರದ ಅಪರೂಪಕ್ಕೆ ಬೇಕಾಗೋ ಸಾಮಾನಿಗೆ. ಹಾಸಿಗೆ ಕೆಳಗಿನ ಪ್ಲೈವುಡ್ ಹಲಗೆಗೆ ಗಾಳಿ ಆಡೋಕೆ ತೂತು ಕೊರೆಸಿ.

ಇನ್ನು ಆ ಕುರ್ಚಿ. ಅದ್ರ ಮೇಲಿರೋದು ಒಗೆಯೋ ಬಟ್ಟೆನೂ ಅಲ್ಲ, ಮಡಚಿಡೋದೂ ಅಲ್ಲ, ಒಂದ್ಸಲ ಹಾಕ್ಕೊಂಡಿರೋ ಪ್ಯಾಂಟು, ಸ್ವೆಟರ್ರು, ನಾಳೆ ಮತ್ತೆ ಬೇಕಾಗೋ ಟವೆಲ್ಲು. ಅದಕ್ಕೆ ಜಾಗ ಮಾಡದೆ ಎಷ್ಟು ದೊಡ್ಡ ವಾರ್ಡ್‌ರೋಬ್ ಕಟ್ಟಿಸಿದ್ರೂ ಕುರ್ಚಿ ತುಂಬೇ ತುಂಬುತ್ತೆ. ಬಾಗಿಲ ಹಿಂದೆ ಒಬ್ಬೊಬ್ರಿಗೆ ಮೂರು ಮೂರು ಗಟ್ಟಿ ಹುಕ್ ಹೊಡೆಸಿ, ಕುರ್ಚಿನ ರೂಮಿಂದಾನೇ ಎತ್ತಿಬಿಡಿ.

ಕಿಟಕಿ ವಿಷಯ: ತೆಳು ಪರದೆ ಹಗಲು ಮಾತ್ರ ಕೆಲ್ಸ ಮಾಡೋದು, ಯಾಕಂದ್ರೆ ಆಗ ಹೊರಗೆ ಬೆಳಕು ಜಾಸ್ತಿ. ರಾತ್ರಿ ಒಳಗೆ ಲೈಟ್ ಹಾಕಿದ್ರೆ ಲೆಕ್ಕ ಉಲ್ಟಾ, ಎಲ್ಲಾ ಕಾಣುತ್ತೆ. ಕನ್ನಡಿ ತರ ಹೊಳೆಯೋ ಫಿಲ್ಮ್ ಹಾಕಿಸ್ತೀನಿ ಅಂತ ಹೋಗ್ಬೇಡಿ, ಅದ್ರ ಕತೆನೂ ಇದೇ. ಗಾಜಿನ ಕೆಳಗಿನ ಅರ್ಧಕ್ಕೆ ಬೆಳಕು ಬಿಟ್ಟು ಆಚೆಯದು ಮಸುಕು ಮಾಡೋ ಫ್ರಾಸ್ಟೆಡ್ ಫಿಲ್ಮ್, ಮೇಲೆ ಡಬಲ್ ರಾಡ್ ಹಾಕಿ ಒಂದ್ರಲ್ಲಿ ತೆಳು ಇನ್ನೊಂದ್ರಲ್ಲಿ ದಪ್ಪ ಪರದೆ. ಹಾಲ್‌ನಿಂದ ಮಂಚ ನೇರ ಕಾಣ್ತಿದ್ರೆ ಬಾಗಿಲಿನ ಹಿಂಜಸ್ ಆ ಕಡೆಯಿಂದ ಈ ಕಡೆಗೆ ಬದಲಾಯಿಸಿ, ಅರ್ಧ ತೆಗೆದಾಗ ಬಾಗಿಲೇ ಮರೆಯಾಗುತ್ತೆ. ಬಾಡಿಗೆ ಮನೆ ಆದ್ರೆ ಓನರ್‌ನ ಕೇಳಿ ಮಾಡಿಸಿ.

ಲೈಟು, ಪ್ಲಗ್ ಪಾಯಿಂಟ್ ಎಲ್ಲಾ ಕಾರ್ಪೆಂಟರ್ ಬರೋಕ್ ಮುಂಚೆನೇ ಮುಗಿಸ್ಕೊಳಿ, ಮಂಚದ ಹಿಂದೆ ಪ್ಲಗ್ ಸಿಕ್ಕಾಕೊಂಡ್ರೆ ಚಾರ್ಜರ್‌ಗೆ ದಿನಾ ಸರ್ಕಸ್ಸು. ಯಾವ್ದಕ್ಕೂ ಆರ್ಡರ್ ಕೊಡೋ ಮೊದ್ಲು ನ್ಯೂಸ್‌ಪೇಪರ್‌ನ ಮಂಚ ವಾರ್ಡ್‌ರೋಬ್ ಅಳತೆಗೆ ಅಂಟಿಸಿ ನೆಲದ ಮೇಲೆ ಹಾಸಿ, ಇಬ್ರೂ ಒಟ್ಟಿಗೆ ಬೆಳಿಗ್ಗೆ ರೆಡಿ ಆಗೋ ತರ ಓಡಾಡಿ ನೋಡಿ. ಬಾಗಿಲು ಕಿಟಕಿ ಯಾವ್ಯಾವ ಗೋಡೆಲಿದೆ ಅಂತ ನೀವು ಬರ್ದಿಲ್ಲ, ಅದನ್ನ ಹೇಳಿದ್ರೆ ಮಂಚದ ತಲೆ ಯಾವ ಕಡೆ ಅಂತಾನೂ ಹೇಳ್ತೀನಿ.